ಜೇಬಕ್ಕ

ನಮ್ಮ ಬೀದಿಯ ಹೊಲಿಗೆ ಅಂಗಡಿಯ ಒಡತಿ ಎಲ್ಲಿಂದಲೋ ವಲಸೆ ಬಂದವಳು. ಅವಳ ನಿಜವಾದ ಹೆಸರಿಗೆ ನಮ್ಮ ನಾಲಿಗೆ ಹೊರಳುವುದಿಲ್ಲವಾದ್ದರಿಂದ ಎಲ್ಲರಿಗೂ ಆಕೆ ಜೇಬಕ್ಕ. ಹೆಂಗಸರ ಬಟ್ಟೆ ಯಾವುದೇ ಇರಲಿ, ಜಪ್ಪಯ್ಯ ಅಂದರೂ ಜೇಬು ಇಡದೆ ಹೊಲಿಯುವವಳಲ್ಲ. ಸೊಂಟಕ್ಕೆ ಟೇಪು ಸುತ್ತಿ, ಗಿರಾಕಿ ತಪ್ಪಿಸಿಕೊಳ್ಳದಂತೆ ಹಿಡಿದುಕೊಂಡೇ ವಿಚಾರಣೆ ಶುರು ಮಾಡುತ್ತಾಳೆ: "ಸಂಬಳ ಯಾರ ಖಾತೆಗೆ ಬೀಳುತ್ತೆ? ಸಾಲದ ಕಾಗದ ಓದಿ ತಾನೇ ಸಹಿ ಹಾಕಿದ್ದು?" ಉತ್ತರ ತಡವರಿಸಿದರೆ ಬಟ್ಟೆ ಒಂದು ವಾರ ತಡ. ಹೊಲಿಯುವ ಹೆಂಗಸರಿಗೂ ಒಳಗೆ ಇಸ್ತ್ರಿ ಹಾಕುವ ತನ್ನ ಗಂಡನಿಗೂ ಅಲ್ಲಿ ಒಂದೇ ಕೂಲಿ. ತೊಟ್ಟಿಲ ಕೂಸಿನ ಫ್ರಾಕಿಗೂ ಜೇಬಿಟ್ಟಾಗ ಅದರ ಅಜ್ಜಿ, "ಇವಳದ್ದೇನು ಸಂಪಾದನೆ ಇದೆ ಅಂತ?" ಎಂದು ನಕ್ಕರು. "ಈಗಿನಿಂದಲೇ ಅಭ್ಯಾಸ ಆಗ್ಲಿ ಬಿಡಿ ಅಜ್ಜಿ" ಎಂದಳು ಜೇಬಕ್ಕ. ಮೊನ್ನೆ ನಾನೂ ರೇಗಿದೆ: "ನಂಗೆ ಜೇಬು ಬೇಡ ಅಕ್ಕ. ನಮ್ಮ ಯಜಮಾನ್ರು ಒಳ್ಳೆಯವರು, ಎಲ್ಲ ಅವರೇ ನೋಡ್ಕೋತಾರೆ." ನನ್ನ ಸೊಂಟದ ಟೇಪು ಸಡಿಲವಾಯಿತು. "ನಮ್ಮೋರೂ ಒಳ್ಳೆಯವರೇ ಕಣಮ್ಮ. ಊರು ಬಿಟ್ಟು ಬರುವಾಗ ದುಡ್ಡು, ಟಿಕೆಟ್ಟು, ಕಾಗದಪತ್ರ ಎಲ್ಲ ಅವರ ಜೇಬಲ್ಲೇ ಇತ್ತು. ಮಗೂಗೆ ಹಾಲು ತರ್ತೀನಿ ಅಂತ ಯಾವುದೋ ಸ್ಟೇಷನ್ನಲ್ಲಿ ಇಳಿದ್ರು, ರೈಲು ಹೊರಟುಬಿಡ್ತು. ಮಾರನೇ ದಿನ ಸಿಕ್ಕಿದ್ರು. ಅಲ್ಲೀವರೆಗೂ ಮಗು ಹಸಿದು ಅಳ್ತಾನೇ ಇತ್ತು, ನನ್ನ ಹತ್ರ ಬಿಡಿಗಾಸಿಲ್ಲ." ಒಳಗೆ ಗಂಡ ತಲೆ ಎತ್ತಲಿಲ್ಲ, ಮುಂದಿದ್ದ ಬಟ್ಟೆಯ ಜೇಬನ್ನು ಹೊರಗೆಳೆದು, ಸುಕ್ಕೇ ಇಲ್ಲದಿದ್ದರೂ, ಮತ್ತೊಮ್ಮೆ ಇಸ್ತ್ರಿ ಹಾಕಿದ.