ಹಲಗೆ ಎಳೆದುಕೊಂಡ ಹೆಂಗಸರು

ವಡೋದರಾದ ಫತೇಗಂಜ್ ಹಿಂಭಾಗದ ಒಂದು ಹೌಸಿಂಗ್ ಸೊಸೈಟಿಯಲ್ಲಿ ಅಲ್ಲಿನ ಹೆಂಗಸರು ನನ್ನನ್ನು ಒಂದು ಮಧ್ಯಾಹ್ನ ಕೂಡಿಹಾಕಿದ್ದರು. ಕೂಡಿಹಾಕಿದ್ದರು ಎಂದರೆ ಕೋಣೆಗೆ ತಳ್ಳಿ ಚಿಲಕ ಹಾಕಿದರು ಎಂದುಕೊಳ್ಳಬೇಡಿ. ಚಹಾ ಕೊಟ್ಟರು, ಹಪ್ಪಳದಂಥ ಖಾಖ್ರಾ ಕೊಟ್ಟರು, ಫ್ಯಾನಿನ ಕೆಳಗಿನ ಕುರ್ಚಿ ಕೊಟ್ಟರು. ಹೋಗಲು ಮಾತ್ರ ಬಿಡಲಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗುಜರಾತಿನಲ್ಲಿ ನನ್ನನ್ನು ಅದರ ಬಗ್ಗೆ ಕೇಳಿದ್ದು ಸಂದರ್ಶನದ ದಿನ ಮಾತ್ರ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಊರಿನ ಹಳೆಯ ನೀರಿನ ಪೈಪುಗಳನ್ನು ಕಿತ್ತು ಹೊಸದು ಹಾಕುವ ಗುತ್ತಿಗೆ ಹಿಡಿದಿದ್ದ ಕಂಪನಿ ನಮ್ಮದು. ಸಂದರ್ಶನದಲ್ಲಿ ಪೈಪಿನ ಒತ್ತಡ, ಇಳಿಜಾರು, ವಾಲ್ವು ಎಲ್ಲ ಕೇಳಿದರು, ನಾನು ಪಟಪಟ ಹೇಳಿದೆ. ಕೆಲಸಕ್ಕೆ ಸೇರಿದ ದಿನ ಕೈಗೆ ಕೊಟ್ಟದ್ದು ಮಾತ್ರ ಒಂದು ಚೀಲ ಚೀಟಿ. 'ನಿಮ್ಮ ರಸ್ತೆಯಲ್ಲಿ ಕಾಮಗಾರಿ ನಡೆಯುತ್ತಿದೆ, ಇಂಥ ದಿನ ನಲ್ಲಿ ಬಂದ್, ಇಂಥ ಹೊತ್ತಿಗೆ ನೀರು ಬರುತ್ತದೆ, ತೊಂದರೆಗೆ ಕ್ಷಮೆಯಿರಲಿ' ಎಂದು ಗುಜರಾತಿಯಲ್ಲಿ ಅಚ್ಚು ಹಾಕಿಸಿದ್ದ ಚೀಟಿ. ದಿನ, ಹೊತ್ತು ಎರಡನ್ನೂ ಪೆನ್ನಿನಲ್ಲಿ ತುಂಬಿ, ಮನೆಮನೆಗೆ ಕೊಟ್ಟು, ಸಹಿ ತರುವುದು ನನ್ನ ಕೆಲಸ. ಹಗಲು ಹೊತ್ತು ಬಾಗಿಲು ತೆಗೆಯುವವರು ಹೆಂಗಸರು, ಅವರ ಹತ್ತಿರ ಹೆಂಗಸೇ ಹೋಗಬೇಕು ಎನ್ನುವುದು ಕಂಪನಿಯ ವಾದ. ವಾದದಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನಮ್ಮ ಸೈಟ್ ಇನ್‌ಚಾರ್ಜ್ ಬಾಗಲಕೋಟೆ ಕಡೆಯವರು. ಕೆಟ್ಟ ಮನುಷ್ಯರಲ್ಲ. ನಾನು ದಿನಾ ಮುಖ ಊದಿಸಿಕೊಂಡು ಓಡಾಡುವುದನ್ನು ನೋಡಿ ಒಂದು ಆಸೆ ಹುಟ್ಟಿಸಿದ್ದರು. ಸೂರತ್ತಿನ ಹತ್ತಿರ ಸಚಿನ್ ಎಂಬ ಊರಿನಲ್ಲಿ ಕಾರ್ಖಾನೆಗಳಿಗೆ ದೊಡ್ಡ ಪೈಪ್‌ಲೈನು ಶುರುವಾಗುವುದಿತ್ತು, ಅಲ್ಲಿಗೆ ಎಂಜಿನಿಯರ್ ಆಗಿ ನನ್ನ ಹೆಸರನ್ನೇ ಕಳಿಸುತ್ತೇನೆ ಎಂದಿದ್ದರು. ಷರತ್ತು ಒಂದೇ: ತಿಂಗಳ ಕೊನೆಯವರೆಗೆ ನಾನು ನೋಡಿಕೊಳ್ಳುವ ರಸ್ತೆಗಳಿಂದ ಬರವಣಿಗೆಯಲ್ಲಿ ಒಂದೂ ದೂರು ಬರಬಾರದು. ನಾನು ಆ ಮಾತನ್ನು ಹಿಡಿದುಕೊಂಡೇ ಬದುಕಿದ್ದೆ. ಬಾಡಿಗೆ ಕೋಣೆಯಲ್ಲಿ ಕಾಲೇಜಿನ ಪುಸ್ತಕಗಳನ್ನು ಮತ್ತೆ ತೆಗೆದು ಓದತೊಡಗಿದ್ದೆ.

ಆ ಸೊಸೈಟಿಯಲ್ಲಿ ಎರಡು ಸಾಲು ಮನೆ, ಒಂದೇ ಗೇಟು. ಗೇಟಿಗೆ ಅಡ್ಡಲಾಗಿ ನಮ್ಮವರು ಎದೆಮಟ್ಟದ ಕಾಲುವೆ ತೋಡಿ, ದಾಟಲು ಒಂದು ಮರದ ಹಲಗೆ ಇಟ್ಟಿದ್ದರು. ಸೋಮವಾರ ಹೊಸ ಪೈಪನ್ನು ಹಳೆಯದಕ್ಕೆ ಜೋಡಿಸುವಾಗ ನಾನು ಬಗ್ಗಿ ನೋಡಿದೆ. ಹಳೆಯದು ಬೀಡುಕಬ್ಬಿಣದ್ದು, ಹೊಸದಕ್ಕಿಂತ ದಪ್ಪ. ತಂದಿದ್ದ ಕಾಲರ್, ಅಂದರೆ ಎರಡನ್ನೂ ಹಿಡಿದಿಡುವ ಬಳೆ, ಇದಕ್ಕೆ ಕೂರುವುದಿಲ್ಲ ಎಂದು ಕಣ್ಣಿಗೇ ಕಾಣುತ್ತಿತ್ತು. ಗುಂಡಿಯಲ್ಲಿದ್ದ ಎಂಜಿನಿಯರ್ ನನಗಿಂತ ಒಂದು ವರ್ಷ ಕಿರಿಯ. ರಬ್ಬರು ಬಿಗಿ ಮಾಡಿದರೆ ಕೂರುತ್ತದೆ ಮೇಡಂ ಎಂದು ನಕ್ಕ. ಇನ್‌ಚಾರ್ಜ್‌ಗೆ ಹೇಳಿದರೆ ಅವರು, "ನೀ ಚೀಟಿ ನೋಡ್ಕೋ ತಂಗಿ" ಅಂದರು.

ಸೋಮವಾರ ಸಂಜೆ ಐದಕ್ಕೆ ನೀರು ಎಂದು ಚೀಟಿ ಕೊಟ್ಟಿದ್ದೆ. ನೀರು ಬಿಟ್ಟ ಕೂಡಲೇ ಜೋಡಣೆ ಸೋರಿತು, ಮತ್ತೆ ಬಂದ್. ಮಂಗಳವಾರ ಇನ್ನೊಂದು ಚೀಟಿ, ಬುಧವಾರ ಮತ್ತೊಂದು. ಟ್ಯಾಂಕರು ಬಂದರೂ ಕಾಲುವೆಯಿಂದಾಗಿ ಒಳಗೆ ಹೋಗಲಾಗದೆ ಆಚೆಯೇ ನಿಲ್ಲುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಹೆಂಗಸರು ಕೊಡ ಹೊತ್ತು ಆ ಹಲಗೆಯ ಮೇಲೆ ಹೆಜ್ಜೆ ಎಣಿಸಿಕೊಂಡು ಬರುತ್ತಿದ್ದರು. ನನಗೆ ಕಾರಣ ಗೊತ್ತಿತ್ತು. ಆದರೂ ಗುರುವಾರ ನಾಲ್ಕನೆಯ ಚೀಟಿ ಹಿಡಿದು ಹೋದೆ, 'ಇಂದು ಸಂಜೆ ಐದಕ್ಕೆ'.

ಮೊದಲ ಮನೆಯಲ್ಲಿದ್ದವರು ನಿವೃತ್ತ ಶಾಲಾ ಟೀಚರು. ಇಡೀ ಸೊಸೈಟಿ ಅವರನ್ನು ಬಾ ಎನ್ನುತ್ತಿತ್ತು, ನಮ್ಮಲ್ಲಿ ಅಜ್ಜಿ, ಅಮ್ಮ ಎನ್ನುವ ಹಾಗೆ. ಅವರು ಕನ್ನಡಕ ಹಾಕಿಕೊಂಡು ಚೀಟಿ ಓದಿದರು. ಗೋಡೆಗೆ ಮೊದಲ ಮೂರು ಚೀಟಿಗಳನ್ನು ಸಾಲಾಗಿ ಅಂಟಿಸಿದ್ದರು. ನಾಲ್ಕನೆಯದನ್ನೂ ಪಕ್ಕದಲ್ಲಿ ಅಂಟಿಸಿ, ಹಿಂದಿಯಲ್ಲಿ ತಣ್ಣಗೆ ಹೇಳಿದರು:

"ಐದಕ್ಕೆ ಬರುತ್ತದೆ ಅಂತ ನೀನೇ ಬರೆದಿದ್ದೀಯ ಮಗಳೇ. ಐದರವರೆಗೆ ಕೂತಿರು. ನೀರು ನೋಡಿಕೊಂಡೇ ಹೋಗು."

ತಮಾಷೆ ಎಂದುಕೊಂಡು ನಕ್ಕೆ. ತಿರುಗಿ ನೋಡಿದರೆ ಇಬ್ಬರು ಹೆಂಗಸರು ಹಲಗೆಯನ್ನು ಗೇಟಿನೊಳಗೆ ಎಳೆದುಕೊಳ್ಳುತ್ತಿದ್ದರು. ಹನ್ನೊಂದೂವರೆ ಗಂಟೆ. ಕಾಲುವೆಯ ಅಂಚಿಗೆ ಹೋಗಿ ಹಾರಬಹುದೇ ಎಂದು ನೋಡಿದೆ. ಅದರ ಅಗಲ ನನ್ನ ಧೈರ್ಯಕ್ಕಿಂತ ಹೆಚ್ಚಿತ್ತು. ಕೆಳಗೆ ಒಬ್ಬ ಕೆಲಸಗಾರನೂ ಇರಲಿಲ್ಲ. ನಮ್ಮದೇ ಗುಂಡಿ ನನ್ನನ್ನೇ ತಡೆದು ನಿಲ್ಲಿಸಿತ್ತು. ಸಿಟ್ಟು ಬಂತು, ಆದರೆ ಸಿಟ್ಟು ಮಾಡಲು ಯಾವ ಹಕ್ಕಿತ್ತು ನನಗೆ?

ಹತ್ತು ಹದಿನೈದು ಹೆಂಗಸರು ಸುತ್ತ ಕೂತಿದ್ದಾಗಲೇ ಇನ್‌ಚಾರ್ಜ್‌ಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ನಾವಿಬ್ಬರೂ ಕನ್ನಡದಲ್ಲಿ ಮಾತಾಡಿದರೆ ಅವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಹಾಗಾಗಿಯೇ ಜನರ ಎದುರು ನಿಂತು ನಾವು ಯಾವಾಗಲೂ ಕನ್ನಡದಲ್ಲೇ ಲೆಕ್ಕಾಚಾರ ಮಾಡುತ್ತಿದ್ದೆವು.

"ಚಹಾ ಕೊಟ್ಟಾರಿಲ್ಲೋ? ಕೂಡು ಹಂಗಾರ," ಎಂದರು. "ನೀ ಹೇಳಿದ್ದ ಖರೇ ಆತವಾ, ಕಾಲರ್ ಬ್ಯಾರೇನ ಬೇಕು. ರಾಜಕೋಟದಾಗ ಎರಕ ಹೊಯ್ಯಾಕ ಕೊಟ್ಟೇವಿ. ಸೋಮವಾರಕ್ಕ ಬರ್ತದ."

"ಮತ್ತ ಇವರಿಗೆ ಏನ್ ಹೇಳ್ಲಿ ಸರ್?"

"ಐದಕ್ಕ ನೀರು ಬರ್ತಾವ ಅನ್ನು. ಐದಾದ ಮ್ಯಾಲ ಏಳಕ್ಕ ಅನ್ನು. ಕತ್ತಲಾದ್ರ ತಾವ ಬಿಡ್ತಾರ. ಖರೇ ಹೇಳಿದಿ ಅಂದ್ರ ಬರದು ಕೊಡ್ತಾರ ನೋಡು. ಬರದು ಕೊಟ್ರ ನಿನ್ನ ಸಚಿನ್ ಹೋತು."

ಫೋನು ಇಟ್ಟು ನಗುತ್ತಲೇ, ಕೆಲಸ ನಡೆಯುತ್ತಿದೆ, ಐದಕ್ಕೆ ಬರುತ್ತದೆ ಎಂದೆ. ಹೆಂಗಸರು ತಲೆಯಾಡಿಸಿದರು. ಅಮ್ಮ ನನಗೆ ಮಾತು ಕಲಿಸಿದ ಭಾಷೆಯಲ್ಲಿ ಸುಳ್ಳು ಬೇಯಿಸಿ ಹಿಂದಿಯಲ್ಲಿ ಬಡಿಸುತ್ತಿದ್ದೇನೆ ಎನ್ನಿಸಿ ನಾಚಿಕೆಯಾಯಿತು. ಆದರೂ ಹೇಳಿದೆ. ಸಚಿನ್ ಬೇಕಿತ್ತು ನನಗೆ.

ಗಂಟೆ ಒಂದಾಯಿತು. ಲೋಟ ಖಾಲಿಯಾದಂತೆಲ್ಲ ನೀರು ತುಂಬುತ್ತಿದ್ದರು, ನಾನೂ ಬೇಡವೆನ್ನಲು ನಾಚಿ ಕುಡಿಯುತ್ತಿದ್ದೆ. ಕುಡಿದ ಮೇಲೆ ಆಗುವುದು ಆಯಿತು. ಎಷ್ಟು ಹೊತ್ತು ತಡೆದುಕೊಳ್ಳಲಾದೀತು? ಕೊನೆಗೆ ಬಾ ಅವರ ಸೊಸೆಯ ಕಿವಿಯಲ್ಲಿ ಹೇಳಿದೆ. ಅವಳು ಅಡುಗೆಮನೆಗೆ ಕರೆದೊಯ್ದಳು. ಪಾತ್ರೆಗಳನ್ನೆಲ್ಲ ಕಾಗದದಲ್ಲಿ ಒರೆಸಿ ಬೋರಲು ಹಾಕಿದ್ದರು. ಮೂಲೆಯಲ್ಲಿ ಒಂದು ಬಕೆಟ್ಟಿನಲ್ಲಿ ಅರ್ಧ ನೀರಿತ್ತು. ಟ್ಯಾಂಕರು ಮತ್ತೆ ಬರುವುದು ಮರುದಿನ ಬೆಳಿಗ್ಗೆ. ಅವಳು ಆ ಬಕೆಟ್ಟನ್ನು ಹಾಗೇ ಎತ್ತಿ ಬಚ್ಚಲಲ್ಲಿಟ್ಟು, "ಸಂಕೋಚ ಬೇಡ, ಪೂರ್ತಿ ಬಳಸಿ ಬೇನ್. ಹೇಗೂ ಐದಕ್ಕೆ ಬರುತ್ತದಲ್ಲ" ಎಂದಳು.

ಅಕ್ಕ ಎಂದು ಕರೆದ ಆ ಮಾತಿನಲ್ಲಿ ಕೊಂಕಿರಲಿಲ್ಲ. ಗೋಡೆಯ ಮೇಲೆ ನಾಲ್ಕು ಚೀಟಿ ಅಂಟಿಸಿದ್ದ ಮನೆಯ ಹುಡುಗಿ ನನ್ನನ್ನು ಇನ್ನೂ ನಂಬಿದ್ದಳು. ಬಾಗಿಲು ಹಾಕಿಕೊಂಡು ಬಚ್ಚಲಲ್ಲಿ ನಿಂತು ಅತ್ತೆ. ಒಂದೇ ಚೊಂಬು ಬಳಸಿ ಬಕೆಟ್ಟನ್ನು ನಾನೇ ಅಡುಗೆಮನೆಗೆ ತಂದಿಟ್ಟೆ.

ಹೊರಗೆ ಬಂದು, ಬೇರೆ ಬೇರೆ ಅಳತೆಯ ಎರಡು ಡಬ್ಬಿ ಕೊಡಿ ಎಂದೆ. ಸಣ್ಣ ಡಬ್ಬಿಯ ಮುಚ್ಚಳವನ್ನು ದೊಡ್ಡದರ ಮೇಲೆ ಒತ್ತಿ ತೋರಿಸಿದೆ. ಕಾಲುವೆಯಲ್ಲಿ ಆಗಿರುವುದು ಇದು, ಸರಿಯಾದ ಮುಚ್ಚಳ ರಾಜಕೋಟದಿಂದ ಬರಬೇಕು, ನೀರು ಇವತ್ತಿಲ್ಲ, ನಾಳೆಯಿಲ್ಲ, ಸೋಮವಾರ ಎಂದೆ. ಒಬ್ಬಾಕೆ ಕಂಪನಿಗೆ ಶಾಪ ಹಾಕಿದಳು. ಆಮೇಲೆ ಪ್ರಶ್ನೆಗಳು ಶುರುವಾದವು: ಹೊಸ ಕಾಲರೂ ಸೋರಿದರೆ? ಅಲ್ಲಿಯವರೆಗೆ ಕಾಲುವೆಯ ಈಚೆಗೆ ಟ್ಯಾಂಕರಿನ ಕೊಳವೆ ಎಳೆಯಬಹುದಲ್ಲ? ಹಳೆಯ ಪೈಪು ಎಲ್ಲಿಯವರೆಗೆ ದಪ್ಪವಿದೆ? ನಮ್ಮ ಕಚೇರಿಯಲ್ಲಿ ಯಾರೂ ಕೇಳದ ಪ್ರಶ್ನೆಗಳು. ಚೀಟಿಯ ಹಿಂದೆ ಚಿತ್ರ ಬರೆದು ಒಂದೊಂದಕ್ಕೂ ಉತ್ತರ ಕೊಟ್ಟೆ. ಕೆಲಸಕ್ಕೆ ಸೇರಿದ ಮೇಲೆ ಎಂಜಿನಿಯರಿನಂತೆ ಮಾತಾಡಿದ್ದು ಅದೇ ಮೊದಲು. ನಾನು ಅಲ್ಲಿ ಸೆರೆಯಲ್ಲಿದ್ದೇನೆ ಎಂಬುದೇ ಮರೆತುಹೋಗಿತ್ತು.

"ಮೊದಲ ದಿನವೇ ಹೇಳಬಹುದಿತ್ತಲ್ಲ?" ಎಂದರು ಬಾ.

"ಹೇಳಬಹುದಿತ್ತು," ಎಂದೆ.

ಹಲಗೆ ಹಾಕಿದರು. ದಯವಿಟ್ಟು ಬರೆದು ಕೊಡಬೇಡಿ ಎಂದು ಕೇಳಿಕೊಳ್ಳುವ ಮಾತು ಗಂಟಲವರೆಗೆ ಬಂದಿತ್ತು. ಅಷ್ಟು ನೀರು ಕುಡಿದ ಬಾಯಲ್ಲಿ ಅದು ಹೊರಡಲಿಲ್ಲ.

ಸೋಮವಾರ ಕಾಲರ್ ಬಂತು, ನೀರೂ ಬಂತು. ದೂರು ಬರಲಿಲ್ಲ. ದಿನಗಳನ್ನು ಎಣಿಸಿದೆ, ತಿಂಗಳು ಮುಗಿಯಿತು, ಇನ್ನೂ ಇಲ್ಲ. ಅಹಮದಾಬಾದಿನ ವಸ್ತ್ರಾಪುರದ ಮುಖ್ಯ ಕಚೇರಿಯಿಂದ ಕರೆ ಬಂದಾಗ ಸೂರತ್ತಿಗೆ ಕಟ್ಟಬೇಕಾದ ಸಾಮಾನನ್ನು ಮನಸ್ಸಿನಲ್ಲೇ ಕಟ್ಟುತ್ತ ಬೆಳಗಿನ ರೈಲು ಹತ್ತಿದೆ.

ದೊಡ್ಡ ಸಾಹೇಬರು ಖುಷಿಯಲ್ಲಿದ್ದರು. ಒಂದು ಕಾಗದವನ್ನು ನನ್ನ ಮುಂದೆ ಸರಿಸಿದರು. ಬಾ ಅವರ ಅಕ್ಷರ, ಕೆಳಗೆ ಎಲ್ಲ ಮನೆಗಳ ಸಹಿ. ನಿಮ್ಮ ಕಂಪನಿಯಲ್ಲಿ ನಮಗೆ ನಿಜ ಹೇಳಿದವಳು ಇವಳೊಬ್ಬಳೇ, ತಿಳಿಯುವ ಹಾಗೆ ಹೇಳಿದವಳೂ ಇವಳೇ, ದಯವಿಟ್ಟು ಇವಳನ್ನು ಬೇರೆ ಕೆಲಸಕ್ಕೆ ಕಳಿಸಬೇಡಿ, ಜನರೊಡನೆ ಮಾತಾಡಲು ಯಾವಾಗಲೂ ಇವಳನ್ನೇ ಇಡಿ ಎಂದು ಬರೆದಿದ್ದರು. ಕಂಪನಿಗೆ ಬಂದ ಮೊದಲ ಹೊಗಳಿಕೆಯ ಪತ್ರವಂತೆ ಅದು. ನನ್ನ ಕೆಲಸ ಕಾಯಂ ಆಯಿತು. ಅಹಮದಾಬಾದ್, ವಡೋದರಾ, ಸೂರತ್, ಮೂರೂ ಊರಿನ ಚೀಟಿಗಳ ಉಸ್ತುವಾರಿ ನನ್ನದು.

ಸಚಿನ್ ಎಂದೆ. ಪೈಪು ಜೋಡಿಸುವವರು ಎಷ್ಟು ಬೇಕಾದರೂ ಸಿಗುತ್ತಾರೆ, ನಿಮ್ಮ ಹಾಗೆ ಮಾತಾಡುವವರು ಸಿಗುವುದಿಲ್ಲ ಎಂದರು. ಅಲ್ಲಿಗೆ ಹೋದವನು, ರಬ್ಬರು ಬಿಗಿ ಮಾಡಿದರೆ ಕೂರುತ್ತದೆ ಎಂದು ನಕ್ಕಿದ್ದ ಹುಡುಗ.

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಅಷ್ಟು ಪ್ರೀತಿಯಿಂದ ಹೊಗಳಿಲ್ಲ. ಆ ಹೆಂಗಸರ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ, ಬರಲಿಲ್ಲ. ಅಹಮದಾಬಾದಿನಿಂದ ಮರಳಿದ ಮುಂದಿನ ವಾರ ಪಕ್ಕದ ಬೀದಿಗೆ ಚೀಟಿ ಹಿಡಿದು ಹೋಗುವಾಗ ಬಾ ಗೇಟಿನಲ್ಲಿ ನಿಂತಿದ್ದರು. ಪತ್ರ ತಲುಪಿತೇ, ನಿನಗೆ ಏನಾದರೂ ಒಳ್ಳೆಯದಾಯಿತೇ ಎಂದು ಕೇಳಿದರು.

"ತುಂಬ ಒಳ್ಳೆಯದಾಯಿತು ಬಾ," ಎಂದೆ.

ಅವರು ಸೊಸೆಯನ್ನು ಕರೆದು, ಅವಳಿಗೂ ಹೇಳು ಎಂದರು. ನಾನು ಇನ್ನೊಮ್ಮೆ ಹೇಳಿದೆ.