ಅಂಚು ಸವರುವ ಬೆರಳು

ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಹಳೆಯ ವ್ಯಾನಿಟಿ ಬ್ಯಾಗು ಕೊಡವಿದೆ. ಮಾಸಿದ ಬಸ್ ಟಿಕೆಟ್ಟುಗಳ ಜೊತೆ ಒಂದು ‘ವಿಸಿಟರ್’ ಬಿಲ್ಲೆ ಉದುರಿತು. ಗೇಟಿನಲ್ಲಿ ವಾಪಸು ಕೊಡಬೇಕಾಗಿದ್ದದ್ದು. ಕೊಡದೆ ಓಡಿಬಂದ ದಿನ ನೆನಪಾಗಿ ಒಬ್ಬಳೇ ನಕ್ಕೆ.

ಪೀಣ್ಯದ ಚಿಕ್ಕ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಯಂತ್ರದ ಬಿಡಿಭಾಗಗಳನ್ನು ಪರೀಕ್ಷಿಸುತ್ತಿದ್ದೆ. ಅಲ್ಲಿ ಇಂಟರ್‌ವ್ಯೂ ಅಂದರೆ ಕೈಗೊಂದು ಪೀಸು ಕೊಟ್ಟು, “ನೋಡಮ್ಮ, ಪಾಸೋ ಫೇಲೋ?” ಅನ್ನುವುದು, ಅಷ್ಟೇ. ಆ ಕಾರ್ಖಾನೆ ತಿಂಗಳ ಕೊನೆಗೆ ಮುಚ್ಚುತ್ತದೆಂದು ಗೊತ್ತಾದಾಗ ನನಗೆ ನಲವತ್ತು ತುಂಬಿತ್ತು. ಇಂಟರ್‌ವ್ಯೂಗೆ ಕರೆದದ್ದು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದೇ. ಫೋನಿನಲ್ಲಿ ಒಂದು ಸುತ್ತು, ಕಂಪ್ಯೂಟರಿನಲ್ಲಿ ಒಂದು ಸುತ್ತು. ನನ್ನ ಮದುವೆಗೂ ಇಷ್ಟು ವಿಚಾರಣೆ ನಡೆದಿರಲಿಲ್ಲ. ಕೊನೆಯ ಸುತ್ತಿಗೆಂದು, ನನ್ನ ಬಗ್ಗೆ ನಾನೇ ಹೇಳಿಕೊಳ್ಳುವ ಇಂಗ್ಲಿಷ್ ಪ್ಯಾರಾವೊಂದನ್ನು ಜಾಲಹಳ್ಳಿಯಿಂದ ದಾರಿಯುದ್ದಕ್ಕೂ ಬಸ್ಸಿನಲ್ಲಿ ಉರುಹೊಡೆದೆ. ಪಕ್ಕದ ಸೀಟಿನಾಕೆ ಮಂತ್ರವೋ ಏನೋ ಎಂದು ಸ್ವಲ್ಪ ಸರಿದು ಕೂತಳು.

ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರು ಆನೇಕಲ್ ಕಡೆಯವರು. “ಕನ್ನಡದಲ್ಲೇ ಹೇಳಿ ಮೇಡಂ, ನಿಮ್ ಬಗ್ಗೆ” ಅಂದುಬಿಟ್ಟರು. ಕನ್ನಡದಲ್ಲಿ ನನ್ನನ್ನು ನಾನು ಹೊಗಳಿಕೊಂಡ ಅಭ್ಯಾಸವೇ ಇರಲಿಲ್ಲ. ಕೈ ಮಾತ್ರ ಸುಮ್ಮನಿರಲಿಲ್ಲ. ಮೇಜಿನ ಮೇಲೆ ಫಳಫಳ ಹೊಳೆಯುತ್ತಿದ್ದ ಉಕ್ಕಿನ ಪೀಸೊಂದನ್ನು ಎತ್ತಿ, ಹೆಬ್ಬೆರಳಿನಿಂದ ಅಂಚು ಸವರಿದೆ.

“ಇದ್ರಲ್ಲಿ ಬರ್ ಇದೆ ಸಾರ್. ಫೇಲು.”

ಬರ್ ಅಂದರೆ, ಕೊರೆದ ಲೋಹದ ಅಂಚಿನಲ್ಲಿ ಉಳಿದುಬಿಡುವ, ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು.

“ಮೇಡಂ, ಅದು ನಮ್ ಕಂಪನಿ ಮಾಡಿದ ಮೊದಲ್ನೇ ಪೀಸು. ನೆನಪಿಗೆ ಇಟ್ಕೊಂಡಿದೀವಿ.”

ಸಿಗಲಿದ್ದ ಕೆಲಸಕ್ಕೆ ನಾನೇ ಕಲ್ಲು ಹಾಕಿಕೊಂಡೆ ಅನ್ನಿಸಿತು. ಹೇಗೋ ನಮಸ್ಕಾರ ಹೇಳಿ, ಬಿಲ್ಲೆಯನ್ನೂ ಮರೆತು ಬಸ್ ಹತ್ತಿದೆ. ಬೊಮ್ಮನಹಳ್ಳಿ ಬರುವಷ್ಟರಲ್ಲಿ ಅವರದೇ ಫೋನು.

“ಯಾಕ್ ಮೇಡಂ ಓಡೋದ್ರಿ? ನಾನೂ ಸವರಿ ನೋಡ್ದೆ, ಚುಚ್ತು. ಇಷ್ಟ್ ವರ್ಷ ಯಾರೂ ಹೇಳಿರ್ಲಿಲ್ಲ. ಒಂದನೇ ತಾರೀಕಿಂದ ಬಂದ್ಬಿಡಿ.”

ತುಂಬಿದ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಅತ್ತುಬಿಟ್ಟೆ. ಅಷ್ಟು ಹಗುರವಾಗಿತ್ತು ಜೀವ. ಯಾರೋ ಪುಣ್ಯಾತ್ಮರು, “ಕೂತ್ಕೊಳ್ಳಿ ಅಕ್ಕ” ಎಂದು ಸೀಟು ಬಿಟ್ಟರು.

ಇವತ್ತು ಮೊದಲ ಸಲ ಅದೇ ಕೋಣೆಯಲ್ಲಿ ಪ್ರಶ್ನೆ ಕೇಳುವ ಕುರ್ಚಿ ನನ್ನದು. ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಕಳಿಸಿದ್ದಾರೆ. ಮೊದಲನೆಯದು ‘ನಿಮ್ಮ ಬಗ್ಗೆ ಹೇಳಿ’. ಅದರ ಮೇಲೆ ಗೀಟು ಎಳೆದೆ. ಬಿಲ್ಲೆಯನ್ನು ಗೇಟಿನಲ್ಲಿ ಕೊಟ್ಟುಬಿಡುತ್ತೇನೆ. ಆ ಪೀಸು ಮಾತ್ರ ಈಗಲೂ ಮೇಜಿನ ಮೇಲಿದೆ. ಅದರ ಅಂಚನ್ನು ಉಜ್ಜಿ ಬರ್ ತೆಗೆಯಲು ಇಷ್ಟು ದಿನ ಯಾರನ್ನೂ ಬಿಟ್ಟಿಲ್ಲ.