ಒಂದು ಹಲ್ಲು ಹಿಂದಕ್ಕೆ

ಬೇಸಿಗೆ ಬಂತೆಂದರೆ ನಾಗಪುರದಲ್ಲಿ ಮನೆಮನೆಯ ಕಿಟಕಿಗೂ ಕೂಲರ್ ಬಂದು ಕೂರುತ್ತದೆ. ಮೊನ್ನೆ ನಮ್ಮ ಕೂಲರಿನ ಹಳೆಯ ಹುಲ್ಲು ಕಿತ್ತು, ಲಾವಂಚದ ಬೇರು ಕಟ್ಟಿಕೊಡಲು ಒಬ್ಬಾತ ಬಂದಿದ್ದ. ಕಟ್ಟಿ ಮುಗಿಸಿ, ನೀರು ತುಂಬಿ, ಸ್ವಿಚ್ ಒತ್ತಿದ. ಮೊದಲ ಗಾಳಿಯ ಜೊತೆ ಒದ್ದೆ ಬೇರಿನ ವಾಸನೆ ಒಳಗೆ ಬಂತು ನೋಡಿ, ನನ್ನ ಕಣ್ಣು ತಾನಾಗಿಯೇ ಮೂಲೆಯಲ್ಲಿದ್ದ ಕುರ್ಚಿಯ ಕಡೆ ಹೊರಳಿತು. ಎಷ್ಟು ವರ್ಷವಾಯಿತು... ಆದರೂ ನನ್ನ ಮೂಗಿಗೆ ಇದು ಬೇರಿನ ವಾಸನೆಯಲ್ಲ, ಆ ಕುರ್ಚಿಯ ವಾಸನೆ.

ಕುರ್ಚಿ ನೋಡಲು ಏನೂ ಚೆಂದವಿಲ್ಲ. ಕಬ್ಬಿಣದ ಕೊಳವೆಯ ಚೌಕಟ್ಟು, ಅದಕ್ಕೆ ಬಳಿದ ಹಸಿರು ಬಣ್ಣ ಅಲ್ಲಲ್ಲಿ ಸಿಪ್ಪೆ ಎದ್ದಿದೆ. ಕೂರುವಲ್ಲಿ ಬಿಗಿದ ದಪ್ಪ ತಾಡಪತ್ರಿ, ಬಲಗೈಯ ಕೆಳಗೊಂದು ಹಿಡಿಕೆ. ಮನೆಗೆ ಬಂದವರೆಲ್ಲ ಮೊದಲು ಕೇಳುವುದು, ಇದು ಯಾಕೆ ಇಷ್ಟು ಸಣ್ಣಗಿದೆ ಎಂದು. ಯಾಕೆ ಎಂದು ಹೇಳಬೇಕಾದರೆ ನಾನು ಕೆಳಗಿನ ಮನೆಯ ಕಾಕಾನಿಂದ ಶುರು ಮಾಡಬೇಕು, ಅಷ್ಟು ಪುರುಸೊತ್ತು ಯಾರಿಗಿದೆ?

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿತ್ತು. ನಾವು ಹಿಡಿದ ಬಾಡಿಗೆ ಮನೆ ಮೇಲಿನದು. ಕೆಳಗೆ ಗದಗದ ಕಡೆಯ ಗಂಡ ಹೆಂಡತಿ ಇದ್ದರು. ನಮ್ಮ ಹಾಗೆಯೇ ಲಿಂಗಾಯತರು. ಮೊದಲ ದಿನವೇ ಅಮ್ಮನಿಗೆ ಅವರು ಅಣ್ಣ ವೈನಿ ಆದರು, ಕಾಲೇಜಿಗೆ ಹೋಗುತ್ತಿದ್ದ ನನಗೆ ಕಾಕಾ ಕಾಕು. ಕಾಕಾ ಮದ್ದುಗುಂಡಿನ ಕಾರ್ಖಾನೆಯಲ್ಲಿ ಫಿಟ್ಟರ್. ಆಳು ಬಾಗಿಲಲ್ಲಿ ಬಂದು ನಿಂತರೆ ಒಳಗೆ ಬೆಳಕು ಕಡಿಮೆಯಾಗುವಷ್ಟು ದೊಡ್ಡ ದೇಹ. ಕಾಕು ಮಾತ್ರ ಊದಿದರೆ ಹಾರಿಹೋಗುವಂತಿದ್ದರು. ಮಕ್ಕಳಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಕಾಕುವಿನ ಹೃದಯದ ಕವಾಟವನ್ನು ಕೆಡಿಸಿಬಿಟ್ಟಿತ್ತಂತೆ. ನಾವು ಬರುವ ಹೊತ್ತಿಗೆ ಆಪರೇಷನ್ನಿನ ಕಾಲವೂ ಮೀರಿತ್ತು.

ಆ ಕಾಯಿಲೆಯ ಹಿಂಸೆ ಎಂದರೆ ಮಲಗುವುದು. ಬೆನ್ನು ನೆಲಕ್ಕೆ ಹತ್ತಿದರೆ ಸಾಕು, ಕಾಕುವಿಗೆ ಉಸಿರು ಕಟ್ಟುತ್ತಿತ್ತು. ಬೆನ್ನು ಎತ್ತರಿಸಿ ಮಲಗಿಸಿ ಎಂದರು ಡಾಕ್ಟರು. ಎತ್ತರ ಎಂದರೆ ಎಷ್ಟು? ಒಂದು ಹೊತ್ತಿಗೆ ಹಿಡಿಸಿದ ಎತ್ತರ ಇನ್ನೊಂದು ಹೊತ್ತಿಗೆ ಹಿಡಿಸುತ್ತಿರಲಿಲ್ಲ. ದಿಂಬುಗಳು ಜಾರುತ್ತಿದ್ದವು. ಜಾರಿದಾಗ ಗಂಡನನ್ನು ಎಬ್ಬಿಸಬೇಕಲ್ಲ, ಅದು ಕಾಕುವಿನ ಜಾಯಮಾನದಲ್ಲೇ ಇರಲಿಲ್ಲ. ಬೆಳಗಿನ ಶಿಫ್ಟಿಗೆಂದು ಎದ್ದ ಕಾಕಾನಿಗೆ ಹೆಂಡತಿ ಕಾಣುತ್ತಿದ್ದದ್ದು ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತ ಹಾಗೆ, ಕಣ್ಣು ಕೆಂಪಾಗಿ. ಎಬ್ಬಿಸಬಾರದೇನ ಎಂದು ಕಾಕಾ ರೇಗಿದರೆ, "ಡ್ಯೂಟಿ ಮಾಡಾವ್ರು ನೀವು, ನಿದ್ದಿ ಬ್ಯಾಡೇನು?" ಎನ್ನುತ್ತಿದ್ದರು.

ಕಾಕಾ ಮೊದಲು ಪೇಟೆಯಿಂದ ಒಂದು ಆರಾಮ ಕುರ್ಚಿ ತಂದರು. ಬಟ್ಟೆ ಜೋತುಬಿದ್ದಿರುವ, ಹಿಂದೆ ಕೋಲು ಸಿಕ್ಕಿಸುವ ಮಾಮೂಲಿ ಕುರ್ಚಿ. ಅದರಲ್ಲಿ ಕೂತರೆ ಹೊಟ್ಟೆ ಮಡಚಿ ಕಾಕುವಿಗೆ ಇನ್ನಷ್ಟು ಉಸಿರು ಸಿಕ್ಕಿಕೊಂಡಿತು. ಇಳಿಜಾರು ಬದಲಿಸಬೇಕೆಂದರೆ ಎದ್ದು ಹಿಂದೆ ಹೋಗಿ ಕೋಲು ಎತ್ತಿಡಬೇಕು. ಏಳುವ ಶಕ್ತಿ ಇದ್ದವರಿಗೆ ಆ ಕುರ್ಚಿ ಯಾಕೆ ಬೇಕು? ಒಂದೇ ವಾರದಲ್ಲಿ ಅದು ಮಹಡಿ ಹತ್ತಿ ನಮ್ಮ ಅಪ್ಪನ ಪಾಲಾಯಿತು. ಅಂದೇ ಕಾಕಾ ನಿಶ್ಚಯ ಮಾಡಿದರು, ಕೂತಲ್ಲೇ ಕೂತು, ಯಾರನ್ನೂ ಕರೆಯದೆ, ಒಂದೇ ಕೈಯಲ್ಲಿ ಹಿಂದೆ ಮುಂದೆ ಮಾಡಿಕೊಳ್ಳುವಂಥ ಕುರ್ಚಿ ತಾನೇ ಮಾಡಬೇಕು ಎಂದು.

ನಾಗಪುರದ ಅಂಚಿನ ಹಿಂಗಣಾದಲ್ಲಿ ಅವರ ಗೆಳೆಯನೊಬ್ಬನ ವರ್ಕ್‌ಶಾಪ್ ಇತ್ತು. ರಜೆಯ ದಿನ ಅಲ್ಲಿಗೆ ಹೋಗಿ ಕೊಳವೆ ಬಗ್ಗಿಸಿ ವೆಲ್ಡಿಂಗ್ ಮಾಡಿಕೊಂಡು ಬರುತ್ತಿದ್ದರು. ಉಳಿದ ಕೆಲಸವೆಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ. ಊರಾಚೆಯ ವಾಡಿಯಲ್ಲಿ ಲಾರಿಗಳಿಗೆ ತಾಡಪತ್ರಿ ಹೊಲಿಯುವವರಿಂದ ಗಟ್ಟಿ ತುಂಡು ತಂದರು. ಕುರ್ಚಿಯ ಬೆನ್ನಿಗೆ ಒಂದು ಹಲ್ಲಿನ ಪಟ್ಟಿ, ಆ ಹಲ್ಲುಗಳಿಗೆ ಕಚ್ಚಿಕೊಳ್ಳುವ ಒಂದು ಕಬ್ಬಿಣದ ನಾಲಿಗೆ. ಹಿಡಿಕೆ ಎತ್ತಿ ಒರಗಿದರೆ ಬೆನ್ನು ಒಂದು ಹಲ್ಲು ಹಿಂದೆ ಹೋಗಿ ಟಕ್ ಎಂದು ನಿಲ್ಲಬೇಕು. ಮುಂದಕ್ಕೆ ಬರಬೇಕೆಂದರೆ ಸ್ಪ್ರಿಂಗ್ ತಾನೇ ಮೆಲ್ಲಗೆ ಎತ್ತಬೇಕು.

ಎಲ್ಲ ಮುಗಿಸಿ ಕಾಕಾ ಕೂತು ನೋಡಿದರು. ಹೂವಿನ ಹಾಗೆ ಹಿಂದೆ ಹೋಯಿತು, ಹೂವಿನ ಹಾಗೆ ಮುಂದೆ ಬಂತು. ಮುಖವೆಲ್ಲ ಅರಳಿ ಹೆಂಡತಿಯನ್ನು ಕೂರಿಸಿದರೆ ಕುರ್ಚಿ ಜಪ್ಪಯ್ಯ ಎನ್ನಲಿಲ್ಲ. ಆನೆಯಂಥ ತನ್ನ ಮೈಯ ಭಾರಕ್ಕೆ ಸ್ಪ್ರಿಂಗ್ ಹಾಕಿಕೊಂಡಿದ್ದರು ಪುಣ್ಯಾತ್ಮ! ಕಾಕು ಎಷ್ಟು ಒರಗಿದರೂ ಅದು ಜಗ್ಗಲಿಲ್ಲ. ಕೊನೆಗೆ ದಣಿದು ಬಿಟ್ಟರು. "ಭಾಳ ಚಲೋ ಆಗೈತ್ರಿ," ಅಂದರು. ಅವರು ಯಾವತ್ತೂ ಹಾಗೆಯೇ, ಗಂಡ ಏನು ಮಾಡಿದರೂ ಹೂಂ, ಚಲೋ ಐತಿ.

ಅದಕ್ಕೇ ಕಾಕಾ ನನ್ನನ್ನು ಹಿಡಿದರು. ಕಾಕು ಅಳತೆ ಕೊಡಲು ಒಪ್ಪುತ್ತಿರಲಿಲ್ಲ. ಗಂಡ ನೆಲದ ಮೇಲೆ ಕೂತು ಕೆಲಸ ಮಾಡುವಾಗ ತಾನು ಮೇಲೆ ಕುರ್ಚಿಯಲ್ಲಿ ಕೂರುವುದೆಂದರೇನು! "ತಂಗೀ, ನೀನೂ ನಿಮ್ಮ ಕಾಕುನ ಅಳತಿನ ಅದಿ. ಬಾ, ಕೂಡು," ಎಂದರು ಕಾಕಾ. ಹೌದು, ಆಗ ನಾನೂ ಕಡ್ಡಿಯೇ. ಕೂತೆ. ಕಾಕಾ ಕಟ್ಟೆಯ ಮೇಲೆ ಮಂಡಿಯೂರಿ ನನ್ನ ಕತ್ತಿನ ಹಿಂದೆ, ನಡುವಿನ ಹಿಂದೆ ಕೈಯಿಟ್ಟು ನೋಡಿ, ಬಟ್ಟೆ ಬಿಗಿದು, ಸ್ಪ್ರಿಂಗ್ ಬದಲಿಸಿ, ಪ್ರತಿ ಸಲವೂ ಕೇಳುತ್ತಿದ್ದರು, "ಆರಾಮ ಅನಸ್ತೈತೇನು? ಖರೇ ಹೇಳು. ಇಕಿ ಹೇಳೂದಿಲ್ಲ." ನಾನು ಹೇಳುತ್ತಿದ್ದೆ. ಇಲ್ಲಿ ಒತ್ತುತ್ತದೆ, ಅಲ್ಲಿ ಕಾಲು ಜೋಮು ಹಿಡಿಯುತ್ತದೆ, ಮೊಣಕೈ ಜಾರುತ್ತದೆ ಎಂದು ಒಂದಕ್ಕೆರಡು ತಕರಾರು. ಅಮ್ಮ ಮೇಲಿನಿಂದ ಬಗ್ಗಿ, "ಅಣ್ಣಾರ, ಸಿಂಹಾಸನ ಇನ್ನೂ ಮುಗೀಲಿಲ್ಲೇನ್ರಿ?" ಎಂದು ಕಾಡಿಸಿದರೆ ಒಳಗಿನಿಂದ ಕಾಕುವಿನ ಕೆಮ್ಮಿನಂಥ ನಗು ಕೇಳುತ್ತಿತ್ತು.

ಕುರ್ಚಿ ಕೊನೆಗೂ ಸರಿಯಾಯಿತು. ಕಾಕು ಹಿಡಿಕೆ ಎತ್ತಿ ಒರಗಿದರು, ಟಕ್. ಇನ್ನೊಂದು ಸಲ ಎತ್ತಿದರು, ಟಕ್. ಕಣ್ಣು ಮುಚ್ಚಿದರು. ನಾವೆಲ್ಲ ನಿಂತು ನೋಡುತ್ತಿದ್ದಂತೆಯೇ ಮಗುವಿನ ಹಾಗೆ ನಿದ್ದೆ ಹೋದರು. ಅವರು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಕಾ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು, ಸಪ್ಪಳವಾಗದಂತೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟರು.

ಇನ್ನು ಎಲ್ಲ ನೆಟ್ಟಗಾಯಿತು ಎಂದುಕೊಂಡೆವು. ನಮ್ಮ ಜನರ ಗುಣ ಮರೆತಿದ್ದೆವು. ಕಾಯಿಲೆಯವರಿದ್ದಾರೆಂದರೆ ಮಾತಾಡಿಸಿಕೊಂಡು ಹೋಗಲು ಬರಬೇಕಲ್ಲ? ರೈಲ್ವೆಯವರು, ಬ್ಯಾಂಕಿನವರು, ಫ್ಯಾಕ್ಟರಿಯವರು, ನಾಗಪುರದಲ್ಲಿದ್ದ ಕನ್ನಡದವರೆಲ್ಲ ಬಂದರು. ಬಾಗಿಲಲ್ಲಿ ನೆರಳು ಕಂಡರೆ ಸಾಕು, ಕಾಕು ಎದ್ದುಬಿಡುತ್ತಿದ್ದರು. "ಬರ್ರಿ ಬರ್ರಿ, ಇಲ್ಲಿ ಕೂಡ್ರಿ. ಇವರ ಮಾಡ್ಯಾರ, ಭಾಳ ಆರಾಮ ಐತಿ." ಮನೆಯಲ್ಲಿ ಒಳ್ಳೆಯದೊಂದಿದ್ದರೆ ಅದು ಬಂದವರಿಗೆ, ಅಷ್ಟೇ. ಬಂದವರೂ ಸಂಕೋಚವಿಲ್ಲದೆ ಕೂತು, ಹಿಡಿಕೆ ಎತ್ತಿ ಟಕ್ ಟಕ್ ಆಡಿಸಿ, ಅಬ್ಬಬ್ಬಾ ಎಂದು ಹೊಗಳುತ್ತಿದ್ದರು. ಕಾಕು ಗೋಡೆಗೊರಗಿ ನೆಲದ ಮೇಲೆ ಕೂತು, ಏದುಸಿರು ಬಿಡುತ್ತ ನಗುತ್ತಿದ್ದರು. ಊರಿನಿಂದ ಬಂದ ನೆಂಟರೊಬ್ಬರಂತೂ ಊಟ ಮಾಡಿ ಅದರಲ್ಲೇ ಗೊರಕೆ ಹೊಡೆದರು. ಸಾಯುತ್ತಿರುವವಳನ್ನು ನೋಡಲು ಬಂದು ಅವಳ ನಿದ್ದೆಯನ್ನು ತಾವು ಮಾಡಿ ಹೋಗುವವರಿಗೆ ಏನನ್ನಬೇಕು? ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾಕಾನಿಗೂ ಬರುತ್ತಿತ್ತು. ಆದರೆ ಕೂತ ಅತಿಥಿಗೆ ಏಳಿ ಎನ್ನುವ ನಾಲಿಗೆ ಅವರಿಗೂ ಇರಲಿಲ್ಲ. ಹೆಂಡತಿಗೆ ಬೈದರು, ಕೈ ಮುಗಿದರು. "ನನಗ ಹೆಂಗರ ಮನಸ್ಸು ಬರ್ತೈತ್ರಿ, ಮಂದಿ ನೆಲದ ಮ್ಯಾಲೆ ಕುಂತಾಗ?" ಎಂದರು ಕಾಕು. ಮುಂದಿನ ರಜೆಯ ದಿನ ಕಾಕಾ ಕುರ್ಚಿಯನ್ನು ಬಿಚ್ಚಿ ಹಿಂಗಣಾಕ್ಕೆ ಹೊತ್ತುಕೊಂಡು ಹೋದರು. ಅಡ್ಡ ಕೊಳವೆಗಳನ್ನೆಲ್ಲ ಕತ್ತರಿಸಿ, ಕೈಗಳನ್ನು ಹತ್ತಿರ ತಂದು, ಮತ್ತೆ ಜೋಡಿಸಿಕೊಂಡು ಬಂದರು. ಪುನಃ ನನ್ನನ್ನೇ ಕೂರಿಸಿದರು. ನನ್ನ ಎರಡೂ ಪಕ್ಕಕ್ಕೆ ಕೊಳವೆ ತಾಗಿಯೂ ತಾಗದ ಹಾಗಿತ್ತು. "ಬರೋಬರ್," ಎಂದರು ಕಾಕಾ, ತುಂಟ ಹುಡುಗನ ಮುಖ ಮಾಡಿ. "ಈಗ ಯಾಂವ ಕೂಡ್ತಾನ ಕೂಡ್ಲಿ."

ಮುಂದಿನ ವಾರ ಬಂದ ರೈಲ್ವೆಯವರೊಬ್ಬರು ಕೂರಲು ಹೋಗಿ ಅರ್ಧಕ್ಕೇ ಸಿಕ್ಕಿಕೊಂಡರು. ಎಳೆದು ಬಿಡಿಸಬೇಕಾಯಿತು. ಕಾಕುವಿಗೆ ಮೊದಲು ನಾಚಿಕೆ, ಆಮೇಲೆ ತಡೆಯಲಾರದಷ್ಟು ನಗು. ಅಲ್ಲಿಂದ ಮುಂದೆ ಬೇರೆ ದಾರಿಯಿಲ್ಲದೆ ಅವರೇ ಕೂರಬೇಕಾಯಿತು, ಹಿರಿಯರು ಬಂದಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ. ಆ ಬೇಸಿಗೆ ಕಾಕಾ ಕೂಲರಿಗೆ ಹುಲ್ಲು ಬೇಡವೆಂದು ಲಾವಂಚ ಕಟ್ಟಿಸಿದರು. ಕಾಕು ಅದರ ಮುಂದೆ ಕುರ್ಚಿಯಲ್ಲಿ ಕೂತು ಮೆಂತ್ಯ ಸೊಪ್ಪು ಸೋಸುವರು, ಸೋಸುತ್ತಲೇ ಹಿಡಿಕೆ ಎತ್ತುವರು, ಟಕ್, ಒಂದು ಜೋಂಪು ತೆಗೆಯುವರು. ಟಕ್ ಸಪ್ಪಳಕ್ಕೆ ಗಂಡನ ನಿದ್ದೆ ಕೆಡುತ್ತದೆ ಎಂದು ಕಾಕು ಹೇಳಿದ್ದಕ್ಕೆ ಕಾಕಾ ಕುರ್ಚಿಯ ಕಬ್ಬಿಣದ ನಾಲಿಗೆಗೊಂದು ಚರ್ಮದ ತುಂಡು ಹಚ್ಚಿದ್ದರು. ಎರಡೇ ದಿನಕ್ಕೆ ತಾವೇ ಕಿತ್ತು ಹಾಕಿದರು. ಸಪ್ಪಳ ಕೇಳದಿದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದರು...

ಮಳೆ ಇನ್ನೂ ಶುರುವಾಗಿರಲಿಲ್ಲ. ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಕಾಕು ಕೂಲರಿನ ಮುಂದೆ ಒರಗಿದ್ದರು. ಮಡಿಲಲ್ಲಿ ಮೆಂತ್ಯ ಸೊಪ್ಪು. ಮಲಗಿದ್ದಾರೆಂದು ಸದ್ದು ಮಾಡದೆ ಮೇಲೆ ಹೋದೆ. ಡ್ಯೂಟಿ ಮುಗಿಸಿ ಬಂದ ಕಾಕಾ ಕೂಗಿದ ಕೂಗಿಗೆ ನಾನು, ಅಮ್ಮ ಕೆಳಗೆ ಓಡಿದೆವು. ಅಷ್ಟರಲ್ಲಿ ಕಾಕುವಿನ ಕೈ ತಣ್ಣಗಾಗಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮಣ್ಣಿಗಿಡುವುದೂ ಕೂರಿಸಿಯೇ. ಮೀಯಿಸಿ, ಹಸಿರು ಸೀರೆ ಉಡಿಸಿ, ವಿಭೂತಿ ಹಚ್ಚಿದರು. ಎಲ್ಲಿ ಕೂರಿಸುವುದು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ಆ ಕುರ್ಚಿಯ ಮೇಲೆಯೇ ಹೋಯಿತು. ಕೂರಿಸಿದರು. ಶಾಸ್ತ್ರ ಮಾಡಿಸಲು ಬಂದ ಅಯ್ಯನವರು, ಬೆನ್ನು ನೆಟ್ಟಗೆ ನಿಲ್ಲಿಸಿ ಎಂದರು. ಯಾರೋ ಹಿಡಿಕೆ ಎತ್ತಿ ಬೆನ್ನನ್ನು ಪೂರ್ತಿ ಮುಂದಕ್ಕೆ ತಂದರು, ಟಕ್ ಟಕ್ ಟಕ್. ಅಲ್ಲಿಯವರೆಗೆ ಗೋಡೆಯ ಬಳಿ ಕಲ್ಲಿನ ಹಾಗೆ ನಿಂತಿದ್ದ ಕಾಕಾ ಮುಂದೆ ಬಂದರು.

"ಅಷ್ಟ ನೆಟ್ಟಗ ಬ್ಯಾಡ್ರಿ. ಒಂದ ಹಲ್ಲ ಹಿಂದ ಬಿಡ್ರಿ... ಆಕಿಗೆ ಉಸಿರು ಹಿಡಿತೈತಿ."

ಅಯ್ಯನವರು ಕಣ್ಣಿಗೆ ಶಲ್ಯ ಒತ್ತಿಕೊಂಡರು. ಕಾಕಾನೇ ಬಗ್ಗಿ, ಒಂದು ಕೈಯಲ್ಲಿ ಹೆಂಡತಿಯ ಭುಜ ಹಿಡಿದು, ಇನ್ನೊಂದರಲ್ಲಿ ಹಿಡಿಕೆ ಎತ್ತಿ ಬೆನ್ನನ್ನು ಒಂದು ಹಲ್ಲು ಹಿಂದಕ್ಕೆ ಬಿಟ್ಟರು. ಟಕ್. ಅಂದು ನಾಗಪುರದ ಕನ್ನಡದವರೆಲ್ಲ ಬಂದರು. ಎಲ್ಲರೂ ನೆಲದ ಮೇಲೆ ಕೂತರು. ಕಾಕು ಎದ್ದು ಯಾರಿಗೂ ಜಾಗ ಬಿಡಲಿಲ್ಲ.

ಆಮೇಲೆ ಸಂಜೆಯ ಹೊತ್ತು ಕೆಳಗಿನಿಂದ ಟಕ್ ಎಂಬ ಸಪ್ಪಳ ಕೇಳಿಸುತ್ತಿತ್ತು. ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುವಳು. ಕಾಕಾ ಅದರಲ್ಲಿ ಕೂರುವ ಹಾಗಿರಲಿಲ್ಲ. ಬೇರೆ ಯಾರೂ ಕೂರಲಾಗದ ಹಾಗೆ ತಾನೇ ಮಾಡಿದ್ದಲ್ಲವೇ? ಪಕ್ಕದಲ್ಲಿ ನೆಲದ ಮೇಲೆ ಕೂತು ಖಾಲಿ ಕುರ್ಚಿಯ ಹಿಡಿಕೆ ಎತ್ತುತ್ತಿದ್ದರು.

ರಿಟೈರ್ ಆಗಿ ತಮ್ಮನ ಮನೆಗೆ, ಗದಗಿಗೆ ಹೊರಟ ದಿನ ಕುರ್ಚಿಯನ್ನು ಹೊತ್ತು ಮೇಲೆ ತಂದರು. "ನಿನಗ ಬರೋಬರ್ ಹಿಡಿತೈತಿ. ಇಟ್ಕೋ," ಎಂದರು. ಒಮ್ಮೆ ಕೂಡು ಎಂದರು. ಕೂತೆ. ಮೊದಲಿನ ಹಾಗೆಯೇ ಮಂಡಿಯೂರಿ, ನನ್ನ ಕತ್ತಿನ ಹಿಂದೆ ಕೈಯಿಟ್ಟು ನೋಡಿ, ಹಿಡಿಕೆ ಎತ್ತಿದರು. "ಆರಾಮ ಅನಸ್ತೈತೇನು?"

"ಆರಾಮ ಐತ್ರಿ ಕಾಕಾ," ಎಂದೆ. ಆ ದೊಡ್ಡ ದೇಹ ನನ್ನ ಕಾಲ ಬಳಿ ಕುಸಿದು ಅತ್ತದ್ದನ್ನು ನಾನು ಹೇಗೆ ಬರೆಯಲಿ... ಆಮೇಲೆ ಅವರನ್ನು ನೋಡಲಿಲ್ಲ. ಕೆಲವು ವರ್ಷದ ಮೇಲೆ, ಹೋಗಿಬಿಟ್ಟರಂತೆ ಎಂದು ಅಪ್ಪನಿಗೆ ಯಾರೋ ಫೋನು ಮಾಡಿದರು. ಅಷ್ಟೇ.

ಅಪ್ಪ ಅಮ್ಮ ಧಾರವಾಡಕ್ಕೆ ಮರಳಿದರು, ನಾನು ಮದುವೆಯಾಗಿ ಇಲ್ಲೇ ಉಳಿದೆ. ಮೊನ್ನೆ ಕೂಲರಿನವನು ಬೆವರು ಒರೆಸಿಕೊಂಡು ನಿಂತಿದ್ದ. "ಬೈಠೋ ಭೈಯಾ," ಎಂದೆ. ಅವನು ಸೀದಾ ಆ ಕುರ್ಚಿಗೇ ಹೋಗಿ, ಅರ್ಧ ಕೂತು, ಸಿಕ್ಕಿಕೊಂಡು, ನಗುತ್ತ ಎದ್ದ. "ಯೇ ತೋ ಛೋಟೀ ಹೈ ದೀದಿ. ಕಿಸಕೀ ಹೈ?"

ಕೆಳಗಿನ ಮನೆಯವರದು ಎಂದು ಹೇಳಿದೆ, ಅವನಿಗೆ ಅಡುಗೆಮನೆಯ ಸ್ಟೂಲು ತಂದುಕೊಟ್ಟೆ. ನೀರು ಕುಡಿದು ಹೋದ. ಬಾಗಿಲು ಹಾಕಿ ಕುರ್ಚಿಯನ್ನು ಕೂಲರಿನ ಮುಂದೆ ಎಳೆದೆ. ಈಗ ನನಗೂ ಅದು ಹಿಡಿಸುವುದಿಲ್ಲ, ಎರಡು ಹೆರಿಗೆಯಾದ ಮೈ ಇದು. ಪಕ್ಕದಲ್ಲಿ ನೆಲದ ಮೇಲೆ ಕೂತೆ. ಹಿಡಿಕೆ ಎತ್ತಿ ಬೆನ್ನನ್ನು ಒಂದು ಹಲ್ಲು ಹಿಂದೆ ಒತ್ತಿದೆ. ಟಕ್. ಲಾವಂಚದ ಗಾಳಿ ಖಾಲಿ ತಾಡಪತ್ರಿಯ ಮೇಲೆ ಬೀಸುತ್ತಲೇ ಇತ್ತು. ಆರಾಮ ಅನಸ್ತೈತೇನು ಎಂದು ಕೇಳುವವರೂ ಹೋದರು. ಎಲ್ಲದಕ್ಕೂ ಹೂಂ, ಚಲೋ ಐತಿ ಅನ್ನುವವರೂ ಹೋದರು.